ಅಗ್ಗದ ಬಾಡಿಗೆ ಮತ್ತು ಬಳಸುದಾರಿಯ ವೆಚ್ಚ

ನಗರ ವಿಸ್ತರಿಸಿದಂತೆ ರಸ್ತೆಗಳ ಉದ್ದ ಹೆಚ್ಚುತ್ತದೆ. ಅವುಗಳ ಪರಸ್ಪರ ಸಂಪರ್ಕ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಬೆಂಗಳೂರೇ ಇದಕ್ಕೆ ನಿದರ್ಶನ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮೇನ್ ಹಾಗೂ ಕ್ರಾಸ್ ರಸ್ತೆಗಳು ಚೌಕಳಿಯಂತೆ ಹೆಣೆದುಕೊಂಡಿವೆ. ಒಂದು ಬೀದಿ ಬಂದಾದರೆ ಪಕ್ಕದ್ದು ಉಂಟು. 2007ರಲ್ಲಿ ನಗರದೊಳಗೆ ಸೇರಿದ 110 ಗ್ರಾಮಗಳ ಕಡೆ ಸ್ಥಿತಿ ಬೇರೆ. ಹೊಲಗಳ ಗಡಿಗೆ ತಕ್ಕಂತೆ ತುಂಡುತುಂಡಾಗಿ ಎದ್ದ ಖಾಸಗಿ ಬಡಾವಣೆಗಳಲ್ಲಿ ಅನೇಕವಕ್ಕೆ ಒಂದೇ ಪ್ರವೇಶ. ವಾಹನಗಳೆಲ್ಲ ಹಳೆಯ ಹಳ್ಳಿರಸ್ತೆಯೊಂದಕ್ಕೇ ಬಂದು ಬೀಳುತ್ತವೆ.

ವರ್ತಕರು ಅಲ್ಲಿ ಬಾಡಿಗೆಯ ಅಗ್ಗವನ್ನಷ್ಟೇ ನೋಡುವುದುಂಟು. ಗೋದಾಮಿನಿಂದ ಮುಖ್ಯರಸ್ತೆಗೆ ಬಳಸುದಾರಿಯಿಂದಾಗಿ 2 ಕಿ.ಮೀ. ಹೆಚ್ಚು ಬೀಳುವುದೆಂದು ಭಾವಿಸೋಣ. ದಿನಕ್ಕೆ ನಾಲ್ಕು ಬಾರಿ ಹೋಗಿಬಂದರೆ 16 ಕಿ.ಮೀ., 300 ಕೆಲಸದ ದಿನಗಳಿಗೆ 4,800 ಕಿ.ಮೀ. ಕಿ.ಮೀ.ಗೆ 20 ರೂ. ಎಂದಿಟ್ಟುಕೊಂಡರೂ ವರ್ಷಕ್ಕೆ 96,000 ರೂ., ಅಂದರೆ ತಿಂಗಳಿಗೆ 8,000 ರೂ. ಚಾಲಕನ ಕಾಯುವ ವೇಳೆ ಇದರಲ್ಲಿ ಸೇರಿಲ್ಲ. ಲೆಕ್ಕಪುಸ್ತಕದಲ್ಲಿ ಈ ಮೊತ್ತ ಸಾಗಣೆ ವೆಚ್ಚದ ಶೀರ್ಷಿಕೆಯಡಿ ಅಡಗುವುದರಿಂದ ಅದನ್ನು ಬಾಡಿಗೆಯ ಉಳಿತಾಯದೊಡನೆ ಹೋಲಿಸುವವರು ವಿರಳ.

ಕರಾರಿಗೆ ಸಹಿ ಹಾಕುವ ಮುನ್ನ ಎರಡನೆಯ ದಾರಿ ಇದೆಯೇ, ಅದು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾದ ರಸ್ತೆಯೇ ಎಂಬುದನ್ನು ನಕ್ಷೆಯೊಡನೆ ಪರಿಶೀಲಿಸತಕ್ಕದ್ದು. ಖಾಸಗಿ ರಸ್ತೆಗೆ ಎಂದಾದರೂ ಗೇಟು ಬೀಳಬಹುದು.