ಬಣ್ಣ ತಿರುಗಲಿ, ಹುಳಿ ತಪ್ಪದಿರಲಿ

ತಮ್ಮಾ,

ಊರಿನ ಮರೆತುಹೋದ ಪಾನಕವೊಂದನ್ನು ಹುಡುಕಿ, ಅದರಿಂದ ಗ್ಲಾಸಿನಲ್ಲೇ ಬಣ್ಣ ಬದಲಿಸುವ ಜಿನ್ ಕಾಕ್‌ಟೈಲ್ ಮಾಡುತ್ತೇನೆ ಅಂತ ಹೊರಟಿದ್ದೀಯ. ಮನೆಯಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. ನನಗೆ ಹಿಡಿಸಿದೆ. ನಿನ್ನ ದೊಡ್ಡಮ್ಮ ಜಿನ್ ಕುಡಿದವಳಲ್ಲ. ಆದರೆ ಹುಳಿ ಬಿದ್ದರೆ ಹೂವಿನ ಬಣ್ಣ ಯಾಕೆ ತಿರುಗುತ್ತದೆ ಎಂಬುದನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸಿದವಳು, ಆ ಹೂವಿನ ಪಾನಕವನ್ನು ಮನೆಯಲ್ಲಿ ಮಾಡುತ್ತ ಬಂದವಳು. ಆ ಬಲದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಯಾವ ಹೂ ಅನ್ನುವುದು. ಬಣ್ಣ ಬದಲಿಸುವ ಪಾನೀಯ ಎಂದೊಡನೆ ಎಲ್ಲರೂ ನೀಲಿ ಶಂಖಪುಷ್ಪಕ್ಕೆ ಕೈಹಾಕುತ್ತಾರೆ. ಥಾಯ್ಲೆಂಡಿನವರು ಅದರ ನೀಲಿ ನೀರಿಗೆ ನಿಂಬೆ ಹಿಂಡಿ ನೇರಳೆ ಮಾಡಿ ಕುಡಿಯುವುದು ಹಳೆಯ ರೂಢಿ. ಆಸ್ಟ್ರೇಲಿಯಾದ ಇಂಕ್ ಜಿನ್ 2015ರಲ್ಲಿ, ಕೆನಡಾದ ಎಂಪ್ರೆಸ್ 1908 ಜಿನ್ 2017ರಲ್ಲಿ ಇದೇ ಹೂವಿನ ಬಣ್ಣ ಹೊತ್ತು ಬಂದವು. ನಮ್ಮ ಬೇಲಿಯಲ್ಲೂ ಆ ಬಳ್ಳಿ ಇದೆ, ನಿಜ. ಆದರೆ ನಾನು ಕಂಡಂತೆ ನಮ್ಮ ಕಡೆ ಅದು ದೇವರ ಮುಡಿಗೆ ಏರಿದ ಹೂವೇ ಹೊರತು ಲೋಟಕ್ಕೆ ಇಳಿದದ್ದಲ್ಲ. ಅದನ್ನು ಹಾಕಿ ‘ಮಲೆನಾಡಿನ ಮರೆತ ಪಾನೀಯ’ ಎಂದು ಬರೆದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದ ಹಾಗೆ.

ನಮ್ಮದು ದಾಸವಾಳ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಅದರ ಸೊಪ್ಪು ತಲೆಗೂ ಆಗುತ್ತದೆ, ದೋಸೆಗೂ ಆಗುತ್ತದೆ. ಹೂವಿನಿಂದ ತಂಬುಳಿ, ಬೇಸಿಗೆಯಲ್ಲಿ ಶರಬತ್ತು. ಮುರುಗಲು ಪಾನಕಕ್ಕೆ ಪೇಟೆ ಸಿಕ್ಕಿತು, ಬಾಟಲಿ ಸಿಕ್ಕಿತು. ದಾಸವಾಳದ ಶರಬತ್ತಿಗೆ ಎರಡೂ ಅಷ್ಟಾಗಿ ಸಿಗಲಿಲ್ಲ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಹೂವನ್ನು ಯಾರು ಪೇಟೆಗೆ ಒಯ್ಯುತ್ತಾರೆ? ನೆಂಟರು ಬಂದರೆ ಫ್ರಿಜ್ಜಿನಿಂದ ಕೋಲಾ ತೆಗೆಯುವುದು ಶುರುವಾದ ಮೇಲೆ ಇದು ಹಿಂದೆ ಸರಿಯಿತು. ನೀನು ಹುಡುಕುತ್ತಿರುವುದು ಇದನ್ನೇ, ಯಾಕೆಂದರೆ ಬಣ್ಣ ಬದಲಿಸುವುದನ್ನು ಯಾರೂ ಇದಕ್ಕೆ ಹೊಸದಾಗಿ ಕಲಿಸಬೇಕಿಲ್ಲ.

ಮಾಡುವ ಕ್ರಮ ನೋಡಿಕೋ. ಐದೆಸಳಿನ ಕೆಂಪು ದಾಸವಾಳವೇ ಬೇಕು. ಬಿಳಿ, ಹಳದಿ ಜಾತಿಗಳಲ್ಲಿ ಈ ಬಣ್ಣ ಸಿಗುವುದಿಲ್ಲ. ಬೆಳಿಗ್ಗೆಯೇ ಕೊಯ್ದು, ತೊಟ್ಟು ಮತ್ತು ನಡುವಿನ ಕೇಸರದ ಕಡ್ಡಿ ತೆಗೆದು, ಎಸಳು ಮಾತ್ರ ಇಟ್ಟುಕೋ. ಹತ್ತು ಹೂವಿನ ಎಸಳಿಗೆ ಎರಡು ಲೋಟ ನೀರು. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ ಎಸಳಿನ ಮೇಲೆ ಹೊಯ್ಯಬೇಕು, ಎಸಳು ಹಾಕಿ ಕುದಿಸಬಾರದು. ಕುದಿಸಿದರೆ ಲೋಳೆ ಬಿಡುತ್ತದೆ, ಶರಬತ್ತು ನೂಲು ನೂಲಾಗುತ್ತದೆ. ಐದಾರು ನಿಮಿಷದಲ್ಲಿ ಎಸಳು ಬಣ್ಣ ಕಳೆದುಕೊಂಡು ಪೇಲವವಾಗುತ್ತದೆ, ನೀರು ಕಪ್ಪಿಗೆ ತಿರುಗಿದ ನೇರಳೆಯಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸು, ಹಿಂಡಬೇಡ. ಈ ಹಂತದಲ್ಲಿ ನೋಡಲು ಅದು ಚೆಂದವಿಲ್ಲ. ಅದಕ್ಕೆ ನಿಂಬೆ ರಸ ಬಿದ್ದ ಜಾಗದಿಂದ ಮಾಣಿಕ್ಯದ ಕೆಂಪು ಏಳುತ್ತದೆ, ಚಮಚ ಆಡಿಸುವಷ್ಟರಲ್ಲಿ ಲೋಟವೆಲ್ಲ ಕೆಂಪು.

ಇದು ಯಾಕೆ ಆಗುತ್ತದೆ ಎಂಬುದನ್ನು ಗಿರಾಕಿ ಕೇಳಿಯೇ ಕೇಳುತ್ತಾನೆ, ಸರಿಯಾಗಿ ಹೇಳು. ಎಸಳಿನಲ್ಲಿ ಆಂಥೋಸಯಾನಿನ್ ಎಂಬ ವರ್ಣದ್ರವ್ಯಗಳಿವೆ. ಹುಳಿ ಹೆಚ್ಚಾದಂತೆ ಅವುಗಳ ಅಣುವಿನ ರೂಪ ಬದಲಾಗಿ, ಬೆಳಕಿನಲ್ಲಿ ಅವು ಹೀರುವ ಪಾಲೂ ಬದಲಾಗುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಬೇರೆ ಬಣ್ಣ. 1664ರಲ್ಲಿ ರಾಬರ್ಟ್ ಬಾಯ್ಲ್ ಬಣ್ಣಗಳ ಕುರಿತ ತನ್ನ ಪುಸ್ತಕದಲ್ಲಿ ವಯೊಲೆಟ್ ಹೂವಿನ ಪಾಕಕ್ಕೆ ಆಮ್ಲ ಹಾಕಿದರೆ ಕೆಂಪು, ಕ್ಷಾರ ಹಾಕಿದರೆ ಹಸಿರು ಎಂದು ಬರೆದ. ನಮ್ಮ ಶಾಲೆಗಳ ಏಳನೆಯ ತರಗತಿಯ ವಿಜ್ಞಾನ ಪಾಠದಲ್ಲಿ ಅದೇ ಪರೀಕ್ಷೆಗೆ ಬಳಸುವುದು ದಾಸವಾಳವನ್ನು. ಅಡುಗೆ ಸೋಡಾ ಚಿಟಿಕೆ ಹಾಕಿ ನೋಡು, ಹಸಿರಾಗುತ್ತದೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಬಣ್ಣಕ್ಕೆ ಸಾಕಾಗುವ ಹುಳಿ ಬೇರೆ, ರುಚಿಗೆ ಬೇಕಾಗುವ ಹುಳಿ ಬೇರೆ. ನಾಲ್ಕು ಹನಿ ನಿಂಬೆ ಬಿದ್ದರೆ ಬಣ್ಣ ತಿರುಗಲು ಶುರು. ಕಣ್ಣು ಅಲ್ಲಿಗೇ ತೃಪ್ತಿಪಟ್ಟುಕೊಳ್ಳುತ್ತದೆ, ಕೈ ನಿಂತುಬಿಡುತ್ತದೆ. ಸಕ್ಕರೆ ಪಾಕಕ್ಕೂ ಜಿನ್ನಿನ ಖಾರಕ್ಕೂ ಎದುರಾಗಿ ನಿಲ್ಲಬೇಕಾದ ಹುಳಿ ಆಗ ಕಡಿಮೆಯಾಗುತ್ತದೆ. ಫೋಟೋ ತೆಗೆಯುವ ತನಕ ಎಲ್ಲ ಚೆನ್ನ. ಎರಡನೇ ಗುಟುಕಿಗೆ ಸಿಹಿ ಮುಖಕ್ಕೆ ಹೊಡೆಯುತ್ತದೆ. ಆದ್ದರಿಂದ ಮೊದಲು ಕಣ್ಣು ಮುಚ್ಚಿ ರುಚಿ ನೋಡಿ ಅಳತೆ ಗೊತ್ತುಮಾಡು. ಜಿನ್ 45 ಮಿಲಿ, ದಾಸವಾಳದ ನೀರು 60, ಸಕ್ಕರೆ ಪಾಕ 15, ನಿಂಬೆ ರಸ 15, ಇಲ್ಲಿಂದ ಶುರುಮಾಡಿ ನಿನ್ನ ನಾಲಿಗೆ ಹೇಳಿದಂತೆ ಹೆಚ್ಚು ಕಡಿಮೆ ಮಾಡಿಕೋ. ಹುಳಿ ಕೊನೆಗೆ, ಗಿರಾಕಿಯ ಕಣ್ಣೆದುರು. ಆದರೆ ಅಳೆದಿಟ್ಟ ಹುಳಿ ಪೂರ್ತಿ ಬೀಳಲಿ.

ಸಿಹಿಯ ವಿಷಯಕ್ಕೆ ಬಂದರೆ, ಮನೆಯ ಶರಬತ್ತಿಗೆ ಜೋನಿ ಬೆಲ್ಲ ಒಳ್ಳೆಯದು, ನಿನ್ನ ಗ್ಲಾಸಿಗೆ ಬೇಡ. ಬೆಲ್ಲದ ಕಂದು ಕೆಂಪನ್ನು ಮಂಕು ಮಾಡುತ್ತದೆ. ಕಲ್ಲುಸಕ್ಕರೆಯ ಪಾಕ ಮಾಡಿಕೋ. ಟಾನಿಕ್ ವಾಟರ್ ಹಾಕುವುದಾದರೆ ಒಂದು ಎಚ್ಚರಿಕೆ: ಅದರಲ್ಲಿ ಮೊದಲೇ ಸಿಟ್ರಿಕ್ ಆಮ್ಲ ಇರುತ್ತದೆ, ನಿಂಬೆ ಹಿಂಡುವ ಮೊದಲೇ ಬಣ್ಣ ತಿರುಗಿಬಿಡುತ್ತದೆ. ಬರಿ ಸೋಡಾ ಕೂಡ ಸ್ವಲ್ಪ ಹುಳಿಯೇ. ಬೇಕಿದ್ದರೆ ನಿಂಬೆಯ ನಂತರ ಮೇಲಿನಿಂದ ಹಾಕು.

ನೀರನ್ನು ಮರೆಯಬೇಡ. ನಮ್ಮ ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು. ನೀನಿರುವ ಬೆಂಗಳೂರಿನ ಕೊಳವೆಬಾವಿಯ ನೀರು ಗಡಸು, ಕ್ಷಾರದ ಕಡೆಗೆ ವಾಲಿದ್ದು. ಅದರಲ್ಲಿ ಇದೇ ದಾಸವಾಳ ನೇರಳೆ ಬಿಟ್ಟು ಬೂದಿಗೆ, ಹಸಿರಿಗೆ ತಿರುಗಿದರೆ ಹೂವನ್ನು ಬೈಯಬೇಡ. ಶುದ್ಧೀಕರಿಸಿದ ಮೆದು ನೀರು ಬಳಸು. ಸೋಸಿದ್ದನ್ನು ಬೆಳಕಿಗೆ ಇಡದೆ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಮುಗಿಸು. ಬಿಸಿಲು, ಬಿಸಿ ಎರಡೂ ಈ ಬಣ್ಣಕ್ಕೆ ಆಗದವು.

ಹೂ ಎಲ್ಲಿಂದ ಬಂತು ಎಂಬುದನ್ನೂ ನೋಡು. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತು, ಸುಣ್ಣ ಕಲಸಿದ ಆ ಮದ್ದು ತೋಟದಂಚಿನ ದಾಸವಾಳದ ಮೇಲೂ ಕೂರುತ್ತದೆ. ಅಲ್ಲಿಯ ಹೂ ತಿನ್ನಲು ಬೇಡ. ನರ್ಸರಿಯ ಹೂ, ರಸ್ತೆ ಬದಿಯ ಹೂ ಕೂಡ ಬೇಡ. ಅಂಗಳದಲ್ಲಿ ಮದ್ದು ಕಾಣದೆ ಬೆಳೆದ ಗಿಡದಿಂದ ತರಿಸಿಕೊಂಡು, ಕೊಯ್ದುಕೊಟ್ಟವರಿಗೆ ಒಳ್ಳೆಯ ದುಡ್ಡು ಕೊಡು. ಊರಿನ ಹೆಸರಿನಲ್ಲಿ ಮಾರುವ ಪಾನೀಯದ ಕಾಸು ಊರಿನ ಅಂಗಳಕ್ಕೂ ಬರಬೇಕು.

ಜಿನ್ ಆರಿಸುವಾಗ ಅದರ ಜೀವ ಜುನಿಪರ್ ಎಂಬುದು ನೆನಪಿರಲಿ. ಈಗ ಗೋವಾದಲ್ಲೇ ಒಳ್ಳೆಯ ಜಿನ್‌ಗಳು ತಯಾರಾಗುತ್ತಿವೆ. ಹಪುಸಾ ಎಂಬುದರಲ್ಲಿ ಹಿಮಾಲಯದ ಜುನಿಪರ್ ಹಾಕುತ್ತಾರೆ. ದಾಸವಾಳಕ್ಕೆ ತನ್ನದೆಂಬ ಪರಿಮಳ ಇಲ್ಲವೆಂದರೂ ಸರಿ. ಆ ಜಾಗ ತುಂಬಲು ಜೀರಿಗೆ ಅಪ್ಪೆಮಿಡಿಯ ಒಂದು ತುಣುಕು ಜಜ್ಜಿ ಹಾಕಿ ನೋಡು. ಅಪ್ಪೆಮಿಡಿಯ ಸೊನೆಯ ಘಮ ಜುನಿಪರಿನ ಜೊತೆ ಕೂಡುತ್ತದೆ ಎಂಬುದು ಮೂಗಿಗೇ ತಿಳಿಯುತ್ತದೆ. ಊಟದ ಕೊನೆಗೆ ಅಪ್ಪೆಹುಳಿಯನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿಯುವ ಸೀಮೆ ನಮ್ಮದು. ಆ ಘಮಕ್ಕೆ ಲೋಟ ಹೊಸದಲ್ಲ.

ಇನ್ನು ಕಥೆ ಕಟ್ಟುವ ಆಸೆ. ನಾನು ಮೇಲೆ ಹೆಸರಿಸಿದ ಮೂರು ತಾಲ್ಲೂಕುಗಳೂ ಕೆಳದಿ ಅರಸರ ನೆಲ. ಕೆಳದಿ, ಇಕ್ಕೇರಿ ಸಾಗರದಲ್ಲಿವೆ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಹಾಗೆಂದು ‘ರಾಣಿ ಚೆನ್ನಮ್ಮ ಸವಿದ ಪಾನೀಯ’ ಎಂದು ಮೆನುವಿನಲ್ಲಿ ಬರೆಯಬೇಡ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಅವಳು. ಅವಳ ಹೆಸರಿಗೆ ನಮ್ಮ ಸುಳ್ಳಿನ ಆಸರೆ ಬೇಕಿಲ್ಲ. ಹಳೆಯ ಬರಹ ಬೇಕಿದ್ದರೆ ನಿಜವಾದದ್ದನ್ನೇ ಹುಡುಕು. ಅದೇ ಮನೆತನದ ಬಸವಪ್ಪನಾಯಕ 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಅಡುಗೆಗೂ ಜಾಗವಿದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇಡೀ ಅಡುಗೆಗೇ ಮೀಸಲು. ಓದು, ತಿಳಿದವರ ಹತ್ತಿರ ಕೇಳು. ಅಲ್ಲಿ ದಾಸವಾಳದ ಶರಬತ್ತು ಸಿಗದಿದ್ದರೆ ‘ನಮ್ಮ ಮನೆಗಳ ಶರಬತ್ತು’ ಎಂದಷ್ಟೇ ಬರೆ. ಅದಕ್ಕಿಂತ ದೊಡ್ಡ ವಂಶಾವಳಿ ಬೇಕಿಲ್ಲ.

ಮತ್ತೆ, ಅಳತೆಯನ್ನು ಬರೆದಿಡು. ಏವಿಯೇಷನ್ ಎಂಬ ಜಿನ್ ಕಾಕ್‌ಟೈಲಿನ ಕಥೆ ನಿನಗೆ ಗೊತ್ತಿರಬೇಕು. ನ್ಯೂಯಾರ್ಕಿನ ಹ್ಯೂಗೊ ಎನ್ಸ್‌ಲಿನ್ ತನ್ನ ಪುಸ್ತಕದಲ್ಲಿ ಅದಕ್ಕೆ ವಯೊಲೆಟ್ ಹೂವಿನ ಮದ್ಯ ಸೇರಿಸಿದ್ದ, ಬಣ್ಣ ಬರುತ್ತಿದ್ದದ್ದೇ ಅದರಿಂದ. 1930ರ ‘ಸವಾಯ್ ಕಾಕ್‌ಟೈಲ್ ಬುಕ್’ನಲ್ಲಿ ಆ ಒಂದು ಪದಾರ್ಥ ಬಿಟ್ಟುಹೋಯಿತು. ಮುಂದೆ ದಶಕಗಟ್ಟಲೆ ಜನ ಬಣ್ಣವಿಲ್ಲದ ಏವಿಯೇಷನ್ ಕುಡಿದರು. ಕೊನೆಗೆ ಅದು ಸರಿಹೋದದ್ದು ಎನ್ಸ್‌ಲಿನ್ ಬರೆದಿಟ್ಟಿದ್ದ ಎಂಬ ಕಾರಣಕ್ಕೆ. ನಮ್ಮ ಶರಬತ್ತು ನಾನು ಕಂಡ ಯಾವ ಪುಸ್ತಕದಲ್ಲೂ ಇಲ್ಲ, ಹೆಂಗಸರ ಕೈಯಲ್ಲಿದೆ. ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ವಯಸ್ಸಾದವರನ್ನು ಕೂರಿಸಿ ಕೇಳು. ಒಬ್ಬರು ಏಲಕ್ಕಿ ಹಾಕುತ್ತಾರೆ, ಇನ್ನೊಬ್ಬರು ಕಾಳುಮೆಣಸು. ಅವರು ಹೇಳಿದ್ದನ್ನು ಅವರ ಹೆಸರಿನೊಂದಿಗೆ, ಅವರನ್ನು ಕೇಳಿಯೇ ಬರೆದಿಡು.

ಕುಡಿತದ ಬಗ್ಗೆ ಎರಡೇ ಮಾತು. ಸಿಹಿ ಹುಳಿ ಚೆನ್ನಾಗಿ ಕೂಡಿದಷ್ಟೂ ಮದ್ಯದ ಕಟು ಅಡಗುತ್ತದೆ, ಕುಡಿದವನಿಗೆ ಎಷ್ಟು ಒಳಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಜಿನ್ನನ್ನು ಕಣ್ಣಳತೆಯಲ್ಲಿ ಸುರಿಯಬೇಡ. ನಾಳೆ ಊರಿಗೆ ಬಂದು ಹೋಂಸ್ಟೇ ತೆರೆದರೆ ನೆನಪಿರಲಿ, ಅಬಕಾರಿ ಪರವಾನಗಿ ಇಲ್ಲದೆ ಮದ್ಯ ಕೊಡುವುದಾಗಲಿ ಮನೆಯಲ್ಲಿ ಭಟ್ಟಿ ಇಳಿಸುವುದಾಗಲಿ ಅಪರಾಧ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಇಳಿದು ಹೋಗಬೇಕಾದ ಡ್ರೈವರಿಗೆ ಪರವಾನಗಿ ಇದ್ದರೂ ಕೊಡಬೇಡ.

ಅವನಿಗೆ ಏನು ಕೊಡುತ್ತೀಯ? ಅದೇ ಗ್ಲಾಸು, ಅದೇ ದಾಸವಾಳ, ಅವನ ಕಣ್ಣೆದುರೇ ತಿರುಗುವ ಅದೇ ಕೆಂಪು, ಜಿನ್ ಮಾತ್ರ ಇಲ್ಲ. ಇದನ್ನು ಮೆನುವಿನ ಕೊನೆಯಲ್ಲಿ ಮಕ್ಕಳ ಪಾಲಿಗೆ ಎಂಬಂತೆ ಸಣ್ಣಕ್ಷರದಲ್ಲಿ ಹಾಕಬೇಡ, ಕಾಕ್‌ಟೈಲಿನ ಪಕ್ಕದಲ್ಲೇ ಹಾಕು. ಗರ್ಭಿಣಿಯರಿಗೆ ದಾಸವಾಳ ಕೊಡದಿರುವುದು ನಮ್ಮ ಮನೆಗಳ ರೂಢಿ, ಅದನ್ನೂ ಅಲ್ಲೇ ಬರೆ. ನಿನ್ನ ಕೈಕೆಲಸಕ್ಕೆ ಪರೀಕ್ಷೆಯೂ ಇದೇ. ಜಿನ್ ತೆಗೆದಾಗ ಉಳಿಯುವ ಲೋಟವನ್ನು ಜನ ಮತ್ತೆ ಕೇಳಿ ಕುಡಿದರೆ ಮರೆತದ್ದೊಂದನ್ನು ನೀನು ಉಳಿಸಿದೆ ಎಂದು ತಿಳಿ. ಕೇಳದಿದ್ದರೆ ಹುಳಿಗೆ ಹಿಂತಿರುಗು, ಅಳತೆ ಮತ್ತೆ ನೋಡು, ಆಮೇಲೆ ಜಿನ್ ಬಾಟಲಿಗೆ ಕೈಹಾಕು.

ನಿನ್ನ
ದೊಡ್ಡಮ್ಮ