52 ಗ್ರಾಂ ಚಾಕುವಿಗೆ ಹೊಸ ಅಲಗು: ಉಕ್ಕಿನ ಹೆಸರು ನೋಡೋದಾ, ಹದ ನೋಡೋದಾ?

ಮಡಿಚುವ ಚಾಕುಗಳಲ್ಲಿ ಬೆಂಚ್‌ಮೇಡ್ ಕಂಪನಿಯ ಬಗೌಟ್ ಅನ್ನೋ ಮಾದರಿಗೆ ಬೇರೆಯದೇ ಅಭಿಮಾನಿ ಬಳಗ ಇದೆ. ಅಮೆರಿಕದ ಆರಿಗನ್ ಸಿಟಿಯಲ್ಲಿ ತಯಾರಾಗುವ ಈ ಚಾಕು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅಲಗಿನ ಉದ್ದ ಸುಮಾರು 82 ಮಿ.ಮೀ., ದಪ್ಪ 2.3 ಮಿ.ಮೀ., ಎಲ್ಲಾ ಸೇರಿ ತೂಕ ಸುಮಾರು 52 ಗ್ರಾಂ. ಅಂದ್ರೆ ಒಂದು ಕೋಳಿಮೊಟ್ಟೆಯಷ್ಟು. ಹಿಡಿ ಗಾಜಿನ ನಾರು ಬೆರೆಸಿದ ನೈಲಾನ್ ಜಾತಿಯ ಪ್ಲಾಸ್ಟಿಕ್. ಬಲ ಬೀಳುವ ಜಾಗದಲ್ಲಿ ಮಾತ್ರ ಒಳಗೆ ಉಕ್ಕಿನ ತೆಳು ಪಟ್ಟಿ. ಬೆಟ್ಟ ಹತ್ತೋರು ಜೇಬಲ್ಲಿ ಇದೆ ಅನ್ನೋದನ್ನೇ ಮರೆಯುವಷ್ಟು ಹಗುರ.

ಇದನ್ನು ಕೊಂಡವರಲ್ಲಿ ಅನೇಕರು ಸುಮ್ಮನೆ ಇಟ್ಕೊಳ್ಳೋದಿಲ್ಲ. ಸ್ಕ್ರೂ ಬಿಚ್ಚಿ ಮೊದಲು ಹಿಡಿ ಬದಲಾಯಿಸ್ತಾರೆ, ಆಮೇಲೆ ಅಲಗಿಗೇ ಕೈ ಹಾಕ್ತಾರೆ. ಕಾರ್ಖಾನೆಯಿಂದ ಬರುವ ಮೂಲ ಮಾದರಿಯ ಅಲಗು ಎಸ್30ವಿ ಅನ್ನೋ ಉಕ್ಕಿನದು. ಅದರ ಜಾಗಕ್ಕೆ ಎಸ್90ವಿ, ಮ್ಯಾಗ್ನಾಕಟ್ ತರಹದ 'ಇನ್ನೂ ಒಳ್ಳೆಯ' ಉಕ್ಕಿನ ಅಲಗು ಕೂರಿಸೋದು ಇವರ ಆಸೆ. ಒಳ್ಳೆಯದು ಅಂದ್ರೆ ಯಾವ ಲೆಕ್ಕದಲ್ಲಿ ಒಳ್ಳೆಯದು? ಮೆಟೀರಿಯಲ್ ಸೈನ್ಸ್ ಪೇಪರ್ ಬರೆದ ಮರುದಿನವೇ ಐರನ್-ಕಾರ್ಬನ್ ಡಯಾಗ್ರಾಂ ಮರೆತುಬಿಡುವ ನಮ್ಮಂಥವರಿಗೆ ಅದನ್ನು ಮತ್ತೆ ತೆಗೆದು ನೋಡೋಕೆ ಈ ಪ್ರಶ್ನೆ ಒಳ್ಳೆ ನೆಪ.

ಅಲಗು ಬದಲಾದರೂ ಬದಲಾಗದ ಎರಡು ಸಂಗತಿಗಳನ್ನ ಮೊದಲು ಪಕ್ಕಕ್ಕೆ ಇಡೋಣ. ಒಂದು, ತೂಕ. ಈ ಉಕ್ಕುಗಳ ಸಾಂದ್ರತೆ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಅಳತೆ ಒಂದೇ ಇದ್ದರೆ ಚಾಕು ಹಗುರವೂ ಆಗಲ್ಲ, ಭಾರವೂ ಆಗಲ್ಲ. ಎರಡು, ಬಿಗುಪು. 'ಈ ಉಕ್ಕು ಗಟ್ಟಿ, ಬಾಗಲ್ಲ' ಅನ್ನೋ ಮಾತು ಆಗಾಗ ಕಿವಿಗೆ ಬೀಳತ್ತೆ. ಯಂಗ್ಸ್ ಮಾಡ್ಯುಲಸ್ ಎಲ್ಲಾ ಉಕ್ಕಿಗೂ ಸುಮಾರು 200ರಿಂದ 220 ಗಿಗಾಪಾಸ್ಕಲ್. ಹದ ಕೊಟ್ಟರೂ, ಕೊಡದಿದ್ದರೂ ಅದು ಅಲ್ಲೇ ಇರತ್ತೆ. ಬಾಗುವಿಕೆಯನ್ನ ತೀರ್ಮಾನ ಮಾಡೋದು ದಪ್ಪದ ಘನ. 2.3 ಮಿ.ಮೀ. ಅಲಗಿನ ಬದಲು 3 ಮಿ.ಮೀ. ಅಲಗು ಇದ್ದಿದ್ದರೆ ಬಿಗುಪು ಎರಡು ಪಟ್ಟಿಗಿಂತ ಹೆಚ್ಚಾಗ್ತಿತ್ತು. ಉಕ್ಕಿನ ಹೆಸರು ಎಷ್ಟೇ ದೊಡ್ಡದಾದರೂ ಆ ವ್ಯತ್ಯಾಸ ತರಲಾರದು.

ಹಾಗಾದರೆ ಬದಲಾಗೋದು ಏನು? ಮುಖ್ಯವಾಗಿ ಮೂರು: ಸವೆತ ತಡೆಯುವ ಶಕ್ತಿ, ಚೂರು ಹಾರದೆ ಪೆಟ್ಟು ತಿನ್ನುವ ಶಕ್ತಿ, ತುಕ್ಕು ತಡೆಯುವ ಶಕ್ತಿ. ಮೂರನ್ನೂ ಒಟ್ಟಿಗೆ ಮೇಲೇರಿಸೋದು ಬಲು ಕಷ್ಟ. ಒಂದನ್ನ ಎಳೆದರೆ ಇನ್ನೊಂದು ಜಾರತ್ತೆ.

ಎಸ್30ವಿಯನ್ನೇ ತಗೊಳ್ಳಿ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗಾಗಿಯೇ ರೂಪಿಸಿದ ಉಕ್ಕು ಇದು. ಕಾರ್ಬನ್ ಶೇ. 1.45, ಕ್ರೋಮಿಯಂ 14, ವೆನೇಡಿಯಂ 4, ಮಾಲಿಬ್ಡಿನಂ 2. ಎಸ್90ವಿಯಲ್ಲಿ ಕ್ರೋಮಿಯಂ ಅಷ್ಟೇ, ಆದರೆ ಕಾರ್ಬನ್ 2.3ಕ್ಕೂ ವೆನೇಡಿಯಂ 9ಕ್ಕೂ ಏರಿದೆ. ಈ ಏರಿಕೆಯಲ್ಲೇ ಇರೋದು ಗುಟ್ಟು. ಉಕ್ಕಿನೊಳಗೆ ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಕಣಗಳು ಹುಟ್ಟುತ್ತವೆ. ಕಾಂಕ್ರೀಟಿನಲ್ಲಿ ಜಲ್ಲಿ ಇದ್ದ ಹಾಗೆ. 60 ಎಚ್‌ಆರ್‌ಸಿ ಗಡಸುತನದ ಮಾರ್ಟೆನ್‌ಸೈಟ್ ವಿಕರ್ಸ್ ಮಾನದಲ್ಲಿ ಸುಮಾರು 700 ಬರತ್ತೆ. ಕ್ರೋಮಿಯಂ ಕಾರ್ಬೈಡ್ ಸುಮಾರು 1500, ವೆನೇಡಿಯಂ ಕಾರ್ಬೈಡ್ ಸುಮಾರು 2800. ರಟ್ಟಿನ ಡಬ್ಬದಲ್ಲಿ ಅಡಗಿರುವ ಮರಳಿನ ಕಣ ಮಾರ್ಟೆನ್‌ಸೈಟನ್ನು ಗೀರಬಹುದು, ವೆನೇಡಿಯಂ ಕಾರ್ಬೈಡಿಗೆ ಏನೂ ಮಾಡಲಾರದು. ಅದಕ್ಕೇ ಎಸ್90ವಿ ಅಲಗು ತುಂಬಾ ದಿನ ಮೊಂಡಾಗಲ್ಲ. ಆದರೆ ಜಲ್ಲಿ ಹೆಚ್ಚಾದಷ್ಟೂ ಬಿರುಕು ಹುಟ್ಟೋಕೆ ಜಾಗವೂ ಹೆಚ್ಚು. ಎಸ್30ವಿಗೆ ಹೋಲಿಸಿದರೆ ಎಸ್90ವಿ ಅಂಚಿನಿಂದ ಚೂರು ಹಾರುವ ಸಂಭವ ಜಾಸ್ತಿ.

ಇಲ್ಲಿ ಕನ್ನಡ ಬಳಗದ ಪತ್ರಿಕೆಯಲ್ಲಿ ಹೇಳಲೇಬೇಕಾದ ಒಂದು ಮಾತಿದೆ. ಲೋಹಶಾಸ್ತ್ರದ ಪುಸ್ತಕಗಳಲ್ಲಿ 'ವೂಟ್ಜ್' ಅಂತ ಬರುತ್ತಲ್ಲ, ದಕ್ಷಿಣ ಭಾರತದ ಮೂಸೆ ಉಕ್ಕು, ಆ ಹೆಸರು ನಮ್ಮ 'ಉಕ್ಕು' ಪದವೇ ಇಂಗ್ಲಿಷರ ಕೈಯಲ್ಲಿ ಹಾಗಾದದ್ದು ಅನ್ನೋದು ಹೆಚ್ಚಿನವರು ಒಪ್ಪುವ ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಓದಿದ್ದರು. ಕಾರ್ಬನ್ ಸುಮಾರು ಶೇ. 1.5, ಅಂದ್ರೆ ಎಸ್30ವಿಗೆ ಹತ್ತಿರ ಹತ್ತಿರ. ಡಮಾಸ್ಕಸ್ ಖಡ್ಗಗಳ ಮೇಲಿನ ಅಲೆಯಂಥ ಗೆರೆಗಳು ಮೂಡೋಕೆ ಅದಿರಿನಲ್ಲಿ ಕಳ್ಳತನದಿಂದ ಸೇರಿಕೊಂಡಿದ್ದ ತೀರಾ ಚೂರು ವೆನೇಡಿಯಂ ಥರದ ಧಾತುಗಳೇ ಕಾರಣ ಅಂತ ವರ್‌ಹೋವನ್ ಮತ್ತು ಪೆಂಡ್ರೇ 1990ರ ದಶಕದಲ್ಲಿ ತೋರಿಸಿದರು. ನಮ್ಮ ಮೂಸೆಯವರು ಅರಿಯದೆ ಬಳಸಿದ ಧಾತುವನ್ನೇ ಇವತ್ತು ಶೇ. 9ರವರೆಗೆ ಅಳೆದು ಸುರಿಯುತ್ತಾರೆ.

ಹಾಗೆ ಸುರಿಯೋಕೆ ಸಾಧ್ಯವಾದದ್ದು ಪುಡಿ ಲೋಹ ವಿಧಾನದಿಂದ. ಇಷ್ಟೊಂದು ವೆನೇಡಿಯಂ ಇರುವ ಉಕ್ಕನ್ನ ಮಾಮೂಲಿಯಾಗಿ ಎರಕ ಹೊಯ್ದರೆ ನಿಧಾನವಾಗಿ ಆರುವಾಗ ಕಾರ್ಬೈಡುಗಳು ದಪ್ಪ ದಪ್ಪ ಗಂಟಾಗಿ ಬೆಳೀತವೆ. ಬದಲಿಗೆ ಕರಗಿದ ಉಕ್ಕಿನ ಧಾರೆಗೆ ಜೋರಾಗಿ ಅನಿಲ ಹಾಯಿಸಿ ಸಣ್ಣ ಹನಿಗಳಾಗಿ ಒಡೆಯುತ್ತಾರೆ. ಹನಿ ತಕ್ಷಣ ಗಟ್ಟಿಯಾಗತ್ತೆ, ಕಾರ್ಬೈಡಿಗೆ ಬೆಳೆಯೋಕೆ ಪುರುಸೊತ್ತೇ ಸಿಗಲ್ಲ. ಆ ಪುಡಿಯನ್ನ ಡಬ್ಬಿಗೆ ತುಂಬಿ, ಬಿಸಿಯಲ್ಲಿ ಎಲ್ಲಾ ಕಡೆಯಿಂದ ಒತ್ತಿ ಒಂದೇ ಗಟ್ಟಿ ಮಾಡ್ತಾರೆ.

ಮ್ಯಾಗ್ನಾಕಟ್ ಕತೆ ಬೇರೆ. 2021ರಲ್ಲಿ ಬಂದ ಈ ಉಕ್ಕನ್ನ ರೂಪಿಸಿದ್ದು ಲ್ಯಾರಿನ್ ಥಾಮಸ್ ಅನ್ನೋ ಲೋಹತಜ್ಞ. ಕ್ರೋಮಿಯಂ ಶೇ. 10.7 ಮಾತ್ರ. ಎಸ್30ವಿಯಲ್ಲಿ 14 ಇದೆ, ಹಾಗಾದ್ರೆ ಇದು ಬೇಗ ತುಕ್ಕು ಹಿಡಿಯಬೇಕಲ್ವಾ? ಇಲ್ಲ. ತುಕ್ಕು ತಡೆಯೋದು ಉಕ್ಕಿನಲ್ಲಿ ಕರಗಿ ನಿಂತ ಕ್ರೋಮಿಯಂ. ಕಾರ್ಬೈಡ್ ಆಗಿ ಕಟ್ಟಿಹೋದ ಕ್ರೋಮಿಯಂನಿಂದ ಆ ಉಪಯೋಗ ಇಲ್ಲ. ಮ್ಯಾಗ್ನಾಕಟ್‌ನಲ್ಲಿ ಕಾರ್ಬೈಡ್ ಆಗುವ ಕೆಲಸವನ್ನ ವೆನೇಡಿಯಂ ಮತ್ತು ನಿಯೋಬಿಯಂಗೆ ಬಿಟ್ಟು, ಕ್ರೋಮಿಯಂ ಪೂರ್ತಿ ಕರಗಿರುವ ಹಾಗೆ ಲೆಕ್ಕ ಹಾಕಿದ್ದಾರೆ. ಫಲ: ಎಸ್30ವಿಗಿಂತ ಪೆಟ್ಟು ತಡೆಯತ್ತೆ, ತುಕ್ಕೂ ಚೆನ್ನಾಗಿ ತಡೆಯತ್ತೆ. ಆದರೆ ಸವೆತದ ವಿಷಯದಲ್ಲಿ ಎಸ್30ವಿಯ ಆಸುಪಾಸಲ್ಲೇ ಇದೆ. ಬರೀ ಹರಿತ ಹೆಚ್ಚು ದಿನ ನಿಲ್ಲಲಿ ಅಂತ ಅಷ್ಟು ದುಡ್ಡು ಕೊಟ್ಟು ಇದನ್ನ ಹಾಕಿಸಿಕೊಂಡವರಿಗೆ ನಿರಾಸೆ ಕಾದಿದೆ.

ಹೆಸರಿನ ಮಾತು ಇಷ್ಟು. ಇನ್ನು ಹದ. ಒಂದೇ ಉಕ್ಕಿಗೆ ಬೇರೆ ಬೇರೆ ಹದ ಕೊಟ್ಟರೆ ಬೇರೆ ಬೇರೆ ಅಲಗುಗಳೇ ಬರ್ತವೆ. ಈ ಜಾತಿಯ ಉಕ್ಕನ್ನ 1050 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಬೇಗ ತಣಿಸಿ, ಆಮೇಲೆ ಕಡಿಮೆ ಬಿಸಿಯಲ್ಲಿ ಎರಡು ಸಲ ಟೆಂಪರ್ ಮಾಡ್ತಾರೆ. ನಡುವೆ ಇನ್ನೊಂದು ಹೆಜ್ಜೆ ಇದೆ. ಕಾರ್ಬನ್ ಜಾಸ್ತಿ ಕರಗಿರುವ ಉಕ್ಕಿನಲ್ಲಿ ಆಸ್ಟೆನೈಟ್ ಪೂರ್ತಿ ಮಾರ್ಟೆನ್‌ಸೈಟ್ ಆಗಬೇಕಾದರೆ ಕೋಣೆಯ ಉಷ್ಣತೆಗಿಂತ ಎಷ್ಟೋ ಕೆಳಗೆ ಇಳಿಯಬೇಕು. ಅದಕ್ಕೇ ಡ್ರೈ ಐಸ್ ಅಥವಾ ದ್ರವ ನೈಟ್ರೋಜನ್‌ನಲ್ಲಿ ಅದ್ದೋದು. ಈ ಹೆಜ್ಜೆ ತಪ್ಪಿಸಿದರೆ ಮೆತ್ತಗಿನ ಆಸ್ಟೆನೈಟ್ ಉಳಿದು ಅಂಚು ಮಡಚಿಕೊಳ್ಳತ್ತೆ. ಹದವಾದ ಮೇಲೆ ಗ್ರೈಂಡಿಂಗ್ ಮಾಡುವಾಗ ನೀರು ಹಾಯಿಸದೆ ಅಂಚು ನೀಲಿ ತಿರುಗಿತೋ, ಆ ಜಾಗದ ಹದ ಹೋಯ್ತು ಅಂತಲೇ ಲೆಕ್ಕ. ಆದ್ದರಿಂದ ಅಲಗು ಮಾಡಿಕೊಡುವವರನ್ನ 'ಯಾವ ಉಕ್ಕು?' ಅಂತ ಕೇಳಿದ ಮೇಲೆ 'ಹದ ಕೊಟ್ಟೋರು ಯಾರು, ಎಷ್ಟು ಎಚ್‌ಆರ್‌ಸಿ?' ಅಂತಲೂ ಕೇಳಬೇಕು. ಉತ್ತರ ತಡವರಿಸಿದರೆ ದುಡ್ಡು ಉಳಿಸಿಕೊಳ್ಳಿ.

ಇಷ್ಟಾದರೂ ಒಂದು ಅಗ್ಗದ ದಾರಿಯನ್ನ ಮೊದಲು ನೋಡಲೇಬೇಕು ಅನ್ನೋದು ನಮ್ಮ ಅಭಿಪ್ರಾಯ: ಕೋನ. ಹರಿತ ಎಷ್ಟು ಕಾಲ ನಿಲ್ಲತ್ತೆ ಅನ್ನೋದನ್ನ ಅಳೆಯೋಕೆ ಶೆಫೀಲ್ಡಿನ ಕ್ಯಾಟ್ರಾ ಸಂಸ್ಥೆಯ ಯಂತ್ರ ಇದೆ, ಶೇ. 5ರಷ್ಟು ಸಿಲಿಕಾ ಬೆರೆಸಿದ ರಟ್ಟನ್ನ ಅಲಗಿನ ಮೇಲೆ ಮತ್ತೆ ಮತ್ತೆ ಎಳೆದು ಒಟ್ಟು ಎಷ್ಟು ಮಿ.ಮೀ. ಕತ್ತರಿಸಿತು ಅಂತ ಲೆಕ್ಕ ಹಾಕತ್ತೆ. ಇಂಥ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣೋದು, ಅಂಚಿನ ಕೋನ ಚೂಪಾದರೆ ಸಿಗುವ ಲಾಭ ಉಕ್ಕು ಬದಲಾಯಿಸಿದ್ದಕ್ಕಿಂತ ಹೆಚ್ಚಿರಬಹುದು ಅನ್ನೋದು. ಒಂದೊಂದು ಬದಿಗೆ 20 ಡಿಗ್ರಿ ಇದ್ದದ್ದನ್ನ 15ಕ್ಕೆ ಇಳಿಸಿ ನೋಡಿ. ಅಂಚಿನ ಹಿಂದಿನ ದಪ್ಪ 0.5 ಮಿ.ಮೀ. ಅಂತ ಇಟ್ಕೊಂಡರೆ ಸಾಣೆ ಹಿಡಿದ ಪಟ್ಟಿಯ ಅಗಲ ಸುಮಾರು 0.7ರಿಂದ 0.95 ಮಿ.ಮೀ.ಗೆ ಹೋಗತ್ತೆ. ಅಷ್ಟು ಲೋಹ ತೆಗೆಯೋದು ಒಂದು ಸಂಜೆಯ ಕೆಲಸ, ಖರ್ಚು ಡೈಮಂಡ್ ಪ್ಲೇಟಿನದು ಮಾತ್ರ. ಇದರಲ್ಲೇ ಕೆಲಸ ಆಗಿಬಿಟ್ಟರೆ ಅಲಗು ಬದಲಾಯಿಸುವ ಮಾತು ಅಲ್ಲಿಗೇ ನಿಲ್ಲಬಹುದು. ಚಿಕ್ಕ ಕೋನ ತಡೆಯೋಕೆ ಪೆಟ್ಟು ತಿನ್ನುವ ಶಕ್ತಿ ಬೇಕು, ಮ್ಯಾಗ್ನಾಕಟ್‌ನ ನಿಜವಾದ ಬೆಲೆ ಇರೋದು ಅಲ್ಲೇ.

ಅಲಗು ಬದಲಾಯಿಸಲೇಬೇಕು ಅಂತ ತೀರ್ಮಾನ ಆದರೆ, ಬೆರಳಿಗೆ ಸಂಬಂಧಪಟ್ಟ ಮಾತು ಈಗ ಶುರು. ಬಗೌಟ್‌ನಲ್ಲಿರೋದು ಆಕ್ಸಿಸ್ ಲಾಕ್, ಮೆಕ್‌ಹೆನ್ರಿ ಮತ್ತು ವಿಲಿಯಮ್ಸ್ ವಿನ್ಯಾಸ. ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ; ಎರಡು ಬದಿಯ ಒಮೆಗಾ ಆಕಾರದ ಸ್ಪ್ರಿಂಗುಗಳು ಅದನ್ನ ಮುಂದಕ್ಕೆ ತಳ್ಳುತ್ತವೆ. ಅಲಗು ಪೂರ್ತಿ ತೆರೆದಾಗ ಕಡ್ಡಿ ಅಲಗಿನ ಬುಡದ ಇಳಿಜಾರಿನ ಮೇಲೆ ಬಂದು, ಬುಡವನ್ನ ಸ್ಟಾಪ್ ಪಿನ್ನಿಗೂ ತನಗೂ ನಡುವೆ ಬೆಣೆಯ ಹಾಗೆ ಸಿಕ್ಕಿಸಿ ಹಿಡಿಯತ್ತೆ. ಅಂದ್ರೆ ಲಾಕಿನ ಅರ್ಧ ಭಾಗ ಅಲಗಿನಲ್ಲೇ ಇದೆ. ಅಲಗು ಬದಲಾಯಿಸಿದಿರಿ ಅಂದ್ರೆ ಅರ್ಧ ಲಾಕ್ ಬದಲಾಯಿಸಿದಿರಿ.

ಲೆಕ್ಕ ಹಾಕಿ ನೋಡೋಣ. ತಿರುಗುಣಿಯಿಂದ ಲಾಕ್ ಕೂರುವ ಜಾಗ 8 ಮಿ.ಮೀ. ದೂರ ಇದೆ ಅಂತ ಇಟ್ಕೊಳ್ಳಿ. ಅಲ್ಲಿ 0.05 ಮಿ.ಮೀ. ಸಡಿಲ ಇದ್ದರೆ 80 ಮಿ.ಮೀ. ದೂರದ ಮೊನೆಯಲ್ಲಿ ಅದು ಅರ್ಧ ಮಿ.ಮೀ. ಅಲ್ಲಾಟ. ಬಲದ ಲೆಕ್ಕ ಇನ್ನೂ ಗಂಭೀರ. ಎಲ್ಲೋ ಸಿಕ್ಕಿಕೊಂಡ ಅಲಗನ್ನ ಎಳೆಯುವಾಗ ಅದರ ಬೆನ್ನಿನ ಮೇಲೆ, 60 ಮಿ.ಮೀ. ದೂರದಲ್ಲಿ 5 ಕೆ.ಜಿ. ಬಲ ಬಿತ್ತು ಅಂದ್ರೆ ಲಾಕಿನ ಮೇಲೆ ಬೀಳೋದು ಸುಮಾರು 37 ಕೆ.ಜಿ. ಇಳಿಜಾರಿನ ಕೋನ ತಪ್ಪಾಗಿದ್ದರೆ ಆ ಬಲ ಕಡ್ಡಿಯನ್ನ ಹಿಂದಕ್ಕೆ ಜಾರಿಸತ್ತೆ, ಅಲಗು ಬೆರಳಿನ ಕಡೆ ಮಡಚಿಕೊಳ್ಳತ್ತೆ. ಬುಡದ ದಪ್ಪವೂ ಅಷ್ಟೇ ಮುಖ್ಯ. ಎರಡು ಬದಿಯ ಕಂಚಿನ ವಾಷರುಗಳ ನಡುವೆ ಇರೋದು 2.3 ಮಿ.ಮೀ. ಜಾಗ, 0.1 ಜಾಸ್ತಿಯಾದರೆ ಅಲಗು ಬಿಗಿದುಕೊಳ್ಳತ್ತೆ, ಕಮ್ಮಿಯಾದರೆ ಅಡ್ಡಡ್ಡ ಅಲ್ಲಾಡತ್ತೆ. ಹಾಗಾಗಿ ಇದೇ ಮಾದರಿಗೆ ಅಳತೆ ಮಾಡಿ ತಯಾರಾದ ಅಲಗು ಮಾತ್ರ ತಗೊಳ್ಳಿ. 'ಸ್ವಲ್ಪ ಉಜ್ಜಿ ಕೂರಿಸಿದ್ರೆ ಆಗತ್ತೆ' ಅನ್ನೋ ಅಲಗು ಬೇಡವೇ ಬೇಡ.

ಬಿಚ್ಚಿ ಜೋಡಿಸೋದು ಅಷ್ಟೇನೂ ಕಷ್ಟ ಅಲ್ಲ. ವಾರಂಟಿಯ ಷರತ್ತು ಮೊದಲು ಓದಿ. ಹಳೆ ಅಲಗು, ಹೊಸ ಅಲಗು ಎರಡರ ಬಾಯಿಗೂ ದಪ್ಪ ಟೇಪ್ ಸುತ್ತಿ. ಟಾರ್ಕ್ಸ್ ಬಿಟ್ ಒಳ್ಳೆಯದಿರಲಿ, ಅಗ್ಗದ್ದು ಸ್ಕ್ರೂವಿನ ತಲೆಯನ್ನೇ ತಿಂದುಹಾಕತ್ತೆ. ಒಂದು ಬದಿಯ ಹಿಡಿ ಎತ್ತುವಾಗ ಒಮೆಗಾ ಸ್ಪ್ರಿಂಗ್ ಯಾವ ದಿಕ್ಕಿಗೆ ಕೂತಿದೆ ಅಂತ ಫೋಟೋ ತೆಗೆದಿಟ್ಕೊಳ್ಳಿ. ಒಮ್ಮೆ ಹಾರಿ ಮಂಚದ ಕೆಳಗೆ ಹೋಯ್ತು ಅಂದ್ರೆ ಆ ಸಂಜೆ ಮುಗೀತು. ವಾಷರಿಗೆ ಒಂದೇ ಹನಿ ಎಣ್ಣೆ. ತಿರುಗುಣಿ ಸ್ಕ್ರೂವಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಚೂರು ಹಚ್ಚಿ, ಕೆಂಪು ಬೇಡ, ಅದನ್ನ ಬಿಚ್ಚೋಕೆ ಬಿಸಿ ಕೊಡಬೇಕಾಗತ್ತೆ, ಹಿಡಿ ಪ್ಲಾಸ್ಟಿಕ್ಕಿನದು.

ಜೋಡಿಸಿದ ಮೇಲೆ ಕಡ್ಡಿ ಇಳಿಜಾರಿನ ಮೇಲೆ ಎಲ್ಲಿ ಕೂತಿದೆ ಅಂತ ಬದಿಯಿಂದ ನೋಡಿ. ತೀರಾ ತುದಿಯಲ್ಲಿ ಕೂತಿದ್ದರೆ, ಅಥವಾ ಎರಡು ಬದಿಗೆ ಓರೆಯಾಗಿದ್ದರೆ ಆ ಅಲಗು ವಾಪಸ್ ಕಳಿಸುವಂಥದ್ದು. ಸರಿ ಇದ್ದರೆ, ಬಾಯಿಗೆ ಟೇಪ್ ಇರುವಾಗಲೇ, ಬೆರಳುಗಳು ಮಡಚುವ ದಾರಿಯಲ್ಲಿ ಇಲ್ಲದಂತೆ ಹಿಡಿದು ಅಲಗಿನ ಬೆನ್ನನ್ನ ಮೇಜಿನ ಅಂಚಿಗೆ ನಿಧಾನವಾಗಿ ಒತ್ತಿ. ಕುಟ್ಟೋದು ಬೇಡ. ಹತ್ತು ಸಲ ತೆರೆದು ಹತ್ತು ಸಲವೂ ಲಾಕ್ ಅಲ್ಲೇ ನಿಲ್ಲಬೇಕು.

ಇನ್ನು ಸಾಣೆ. ಮನೆಯಲ್ಲಿರುವ ಸಾಣೆಕಲ್ಲು ಸಾಮಾನ್ಯವಾಗಿ ಅಲ್ಯೂಮಿನಂ ಆಕ್ಸೈಡಿನದು, ವಿಕರ್ಸ್ ಮಾನದಲ್ಲಿ ಸುಮಾರು 2000. ಎಸ್90ವಿಯಲ್ಲಿರುವ ವೆನೇಡಿಯಂ ಕಾರ್ಬೈಡ್ 2800. ಕಲ್ಲಿಗಿಂತ ಚಾಕುವಿನ ಕಣವೇ ಗಟ್ಟಿ! ಗಂಟೆಗಟ್ಟಲೆ ಉಜ್ಜಿದರೂ ಕೈ ನೋಯತ್ತೆ ಅಷ್ಟೇ. ಡೈಮಂಡ್ ಅಥವಾ ಸಿಬಿಎನ್ ಬೇಕೇ ಬೇಕು. ದಿನವೂ ರಟ್ಟಿನ ಡಬ್ಬ ಕೊಯ್ಯೋರಿಗೆ ಎಸ್90ವಿ ಸರಿ. ಬೆವರು, ನಿಂಬೆಹುಳಿ, ಕರಾವಳಿಯ ಉಪ್ಪು ಗಾಳಿ ಇರೋರಿಗೆ ಮ್ಯಾಗ್ನಾಕಟ್. ವಾರಕ್ಕೊಮ್ಮೆ ಹಣ್ಣು ಹೆಚ್ಚಿ ಪಾರ್ಸೆಲ್ ಬಿಚ್ಚೋರು ಈಗಿರುವ ಎಸ್30ವಿಯನ್ನೇ 15 ಡಿಗ್ರಿಗೆ ಸಾಣೆ ಹಿಡಿದು ನಾಲ್ಕು ತಿಂಗಳು ಬಳಸಿ, ಆಮೇಲೆ ಬೇಕಾ ಬೇಡವಾ ಅಂತ ಯೋಚನೆ ಮಾಡಲಿ. ಯಾವ ಅಲಗೇ ಇದ್ದರೂ ವಿಮಾನ ಹತ್ತುವ ದಿನ ಇದು ಚೆಕ್-ಇನ್ ಬ್ಯಾಗಿನಲ್ಲೇ ಇರಬೇಕು, ಹಾಸ್ಟೆಲಿನಲ್ಲಿ ಇಟ್ಕೊಳ್ಳುವ ಮುಂಚೆ ಅಲ್ಲಿನ ನಿಯಮವನ್ನೂ ಕೇಳಿಕೊಳ್ಳಿ.