ಆರೋಗ್ಯ ಪ್ರಶ್ನೋತ್ತರ: ಓಟ ಕಲಿಯುವವರ ಉಸಿರು

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕಿನಲ್ಲಿ ಕೆಲಸ. ಮೂರು ವಾರದಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡಲು ಪ್ರಾರಂಭಿಸಿದ್ದೇನೆ. ಎಷ್ಟು ನಡೆದರೂ ಆಯಾಸವಿಲ್ಲ. ಓಡಿದರೆ ಮಾತ್ರ ಇನ್ನೂರು ಗಜ ಹೋಗುವುದರೊಳಗೆ ಏದುಸಿರು. ಬಾಯಲ್ಲಿ ಉಸಿರಾಡಿದರೆ ಶ್ವಾಸಕೋಶ ಒಣಗುತ್ತದೆ, ಕುದುರೆಯ ಹಾಗೆ ಬಾಯಿ ಮುಚ್ಚಿಕೊಂಡು ಓಡಬೇಕು ಎಂದು ಜೊತೆಗೆ ಬರುವ ಹಿರಿಯರೊಬ್ಬರು ಹೇಳುತ್ತಾರೆ. ಹಾಗೆ ಮಾಡಿದರೆ ತಲೆ ಭಾರವಾಗುತ್ತದೆ. ಏನು ಮಾಡಲಿ? (ಓದುಗರು, ಮೈಸೂರು)

ಉತ್ತರ: ನಡಿಗೆಯಲ್ಲಿ ಯಾವ ಆಯಾಸವೂ ಇಲ್ಲವೆಂದು ನೀವೇ ಬರೆದಿರುವುದರಿಂದ ಮೊದಲು ಧೈರ್ಯದ ಮಾತನ್ನು ಹೇಳುತ್ತೇನೆ: ನೀವು ನಿಮ್ಮ ಶಕ್ತಿಗೆ ಮೀರಿದ ವೇಗದಲ್ಲಿ ಓಡುತ್ತಿದ್ದೀರಿ, ಏದುಸಿರಿಗೆ ಅಷ್ಟೇ ಕಾರಣ. ಆದರೆ ಆ ಕುದುರೆಯ ಮಾತನ್ನು ಅಷ್ಟಕ್ಕೇ ಬಿಡಲಾರೆ. ಈ ಉಪದೇಶವನ್ನು ವೇದವಾಕ್ಯವೆಂದು ನಂಬಿ ದಾರಿಯ ಬದಿಯಲ್ಲಿ ತಲೆ ಹಿಡಿದು ಕುಳಿತವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಕುದುರೆಯು ಬಾಯಿ ಮುಚ್ಚಿ ಓಡುವುದು ಯಾವ ಸಂಯಮದಿಂದಲೂ ಅಲ್ಲ. ಅದರ ಗಂಟಲಿನ ರಚನೆಯೇ ಬಾಯಿಯನ್ನು ಶ್ವಾಸನಾಳದಿಂದ ಬೇರ್ಪಡಿಸಿರುವುದರಿಂದ ಮೂಗನ್ನು ಬಿಟ್ಟು ಅನ್ಯ ಮಾರ್ಗವೇ ಅದಕ್ಕಿಲ್ಲ, ಆದಕಾರಣವೇ ಓಟದಲ್ಲಿ ಅದರ ಹೊಳ್ಳೆಗಳು ಅಷ್ಟು ಅಗಲವಾಗಿ ಅರಳುತ್ತವೆ. ದೌಡಿನಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರೆಂಬ ಕಟ್ಟಳೆಗೂ ಅದು ಒಳಪಟ್ಟಿದೆ. ಎರಡು ಕಾಲಿನ ಮೇಲೆ ನೆಟ್ಟಗೆ ಓಡುವ ಮನುಷ್ಯನಿಗೆ ಈ ಎರಡು ನಿರ್ಬಂಧಗಳೂ ಇಲ್ಲದಿರುವಾಗ, ಪ್ರಕೃತಿ ಕೊಟ್ಟ ಬಾಯಿಗೆ ನಾವೇ ಬೀಗ ಹಾಕಿಕೊಳ್ಳುವುದೇಕೆ?

ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ನಮಗೆ ಸಾಕು. ಅಷ್ಟನ್ನು ಸೋಸಿ, ಬೆಚ್ಚಗಾಗಿಸಿ, ತೇವಗೊಳಿಸಿ ಒಳಗೆ ಕಳುಹಿಸುವ ಕಾರ್ಯದಲ್ಲಿ ಮೂಗಿಗೆ ಸಮನಾದುದು ಇನ್ನೊಂದಿಲ್ಲ. ಬೇಡಿಕೆಯು 35–40 ಲೀಟರನ್ನು ಸಮೀಪಿಸಿದಾಗ ಬಹುಮಂದಿಯ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಬಿರುಸಿನ ಓಟದಲ್ಲಿ ಆ ಬೇಡಿಕೆ 100 ಲೀಟರನ್ನೂ ದಾಟಬಹುದು. ಆರೋಗ್ಯವಂತನು ಏದುಸಿರು ಬಿಡುತ್ತಿರುವಾಗಲೂ ಅವನ ರಕ್ತದಲ್ಲಿ ಪ್ರಾಣವಾಯುವಿಗೆ ಕೊರತೆಯಿರುವುದಿಲ್ಲ. ಉಸಿರಿಗಾಗಿ ಅವನನ್ನು ಪರಿತಪಿಸುವಂತೆ ಮಾಡುವುದು ಮುಖ್ಯವಾಗಿ ದೇಹದಲ್ಲಿ ಹುಟ್ಟಿ ಹೊರಹೋಗಬೇಕಾದ ಅಂಗಾರಾಮ್ಲವಾಯು. ಬಾಯಿ ಮುಚ್ಚಿದಿರಿ ಎಂದರೆ ಅದನ್ನು ಒಳಗೇ ತಡೆದಿರಿ. ತಲೆ ಭಾರವಾಗದೆ ಇನ್ನೇನಾದೀತು?

ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ತಡವರಿಸದೆ ಆಡಬಲ್ಲಷ್ಟು ನಿಧಾನವಾಗಿ ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ; ಹೀಗೆ ಎಂಟು ಸಲ ಸಾಕು. ಮೂಗು ಬಾಯಿ ಎರಡರಿಂದಲೂ ಉಸಿರಾಡಿ. ರಾತ್ರಿ ಮಲಗಿದಾಗ ಹೊಟ್ಟೆಯ ಮೇಲೆ ಕೈಯಿಟ್ಟು, ಎದೆಗೂ ಹೊಟ್ಟೆಗೂ ನಡುವಣ ವಪೆಯೆಂಬ ಸ್ನಾಯು ಕೆಳಗಿಳಿದಂತೆಲ್ಲ ಕೈ ಮೇಲೇಳುವಂತೆ ಉಸಿರೆಳೆದು ಪೂರ್ತಿಯಾಗಿ ಬಿಡುವುದನ್ನು ಐದು ನಿಮಿಷ ಅಭ್ಯಾಸ ಮಾಡಿದರೆ, ಓಡುವಾಗ ಹೆಗಲನ್ನು ಎತ್ತೆತ್ತಿ ಉಸಿರಾಡುವ ಚಟ ತಪ್ಪುತ್ತದೆ. ಹೆಜ್ಜೆಗೆ ಉಸಿರನ್ನು ಲೆಕ್ಕ ಹಾಕುತ್ತ ಕೂರಬೇಡಿ, ಅದು ತಾನೇ ಕೂಡಿಬರುತ್ತದೆ. ನಲವತ್ತರ ಹತ್ತಿರ ಬಂದು ಓಟ ತೊಡಗಿರುವುದರಿಂದ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಒಮ್ಮೆ ನೋಡಿಸಿಬಿಡಿ.

ಪ್ರಶ್ನೆ: ಓಡುವಾಗ ಬಲಪಕ್ಕೆ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಪಿತ್ತಕೋಶದಲ್ಲಿ ಕಲ್ಲಿರಬಹುದೇ? (ಕಾಲೇಜು ವಿದ್ಯಾರ್ಥಿ, ಧಾರವಾಡ)

ಉತ್ತರ: ಇರಲಾರದು. ಓಡುವಾಗ ಮಾತ್ರ ಹಿಡಿದು ನಿಂತರೆ ಬಿಡುವ ಈ ನೋವು ಓಟದ್ದೇ ಎಂದು ತೋರುತ್ತದೆ. ಓಟಕ್ಕೆ ಮುಂಚಿನ ಎರಡು ಗಂಟೆಯಲ್ಲಿ ಹೊಟ್ಟೆ ತುಂಬ ತಿನ್ನಬೇಡಿ, ಸಿಹಿ ಪಾನಕ ಕುಡಿಯಬೇಡಿ. ಹಿಡಿದಾಗ ವೇಗ ತಗ್ಗಿಸಿ, ಆ ಜಾಗವನ್ನು ಬೆರಳುಗಳಿಂದ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ ಉಸಿರನ್ನು ದೀರ್ಘವಾಗಿ ಹೊರಬಿಡಿ. ಓಡದಿದ್ದಾಗಲೂ ನೋವು ಬಂದರೆ, ವಾಂತಿ ಜ್ವರ ಕೂಡಿಕೊಂಡರೆ, ಆಗ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವುದು ಯುಕ್ತ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಶಾಲೆಯ ಓಟದ ತಂಡದಲ್ಲಿದ್ದಾಳೆ. ಓಡಿ ನಿಂತು ಐದಾರು ನಿಮಿಷಕ್ಕೆ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟರು. ಒಮ್ಮೆ ಹಿಡಿದರೆ ಜನ್ಮಪೂರ್ತಿ ಬಿಡುವಂತಿಲ್ಲ, ಹೆಣ್ಣುಮಗು ಬೇರೆ, ಎಂದು ನಮ್ಮತ್ತೆಯವರು ಬೇಡವೆಂದರು. ಕರವಸ್ತ್ರಕ್ಕೆ ಕರ್ಪೂರ, ನೀಲಗಿರಿ ಎಣ್ಣೆ ಹಾಕಿ ಕಳುಹಿಸುತ್ತಿದ್ದೇವೆ. ಪ್ರಾಣಾಯಾಮ ಸಾಕಲ್ಲವೇ? (ಒಬ್ಬ ತಾಯಿ, ಬೆಂಗಳೂರು)

ಉತ್ತರ: ಸಾಲದು ತಾಯಿ. ನಿಮ್ಮ ಮಗಳದು ಓಟದಿಂದ ಕೆರಳುವ ಉಬ್ಬಸವೆಂದು ತೋರುತ್ತದೆ. ಓಟದ ವೇಗದ ಉಸಿರಾಟದಿಂದ ಶ್ವಾಸನಾಳಗಳ ಒಳಪದರ ಒಣಗಿ, ಅವುಗಳ ಸುತ್ತಲಿನ ಸ್ನಾಯು ಬಿಗಿದು, ದಾರಿ ಕಿರಿದಾಗುವ ಈ ಬಗೆಯ ಉಬ್ಬಸವು ಓಟದ ನಡುವೆ ಇರುವುದಕ್ಕಿಂತ ನಿಂತ ಮೇಲೆಯೇ ಹೆಚ್ಚಾಗುವುದು ಅದರ ಲಕ್ಷಣ. ಚಳಿಗಾಲದ ಬೆಳಗಿನ ಒಣಗಾಳಿಯೂ ರಸ್ತೆಯ ಧೂಳೂ ಕಾಂಗ್ರೆಸ್ ಗಿಡದ ಪರಾಗವೂ ಅದನ್ನು ಕೆರಳಿಸಬಲ್ಲವು. ಕರ್ಪೂರದ ತಂಪು ಮೂಗಿನ ನರಗಳಿಗೆ ತಟ್ಟುತ್ತದೆಯೇ ಹೊರತು ಬಿಗಿದ ನಾಳವನ್ನು ಕೂದಲೆಳೆಯಷ್ಟೂ ಅಗಲಿಸುವುದಿಲ್ಲ.

ಇನ್‌ಹೇಲರಿನ ಬಗೆಗಿನ ಈ ಭೀತಿ ನಮ್ಮ ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳ ಉಸಿರನ್ನು ಕಟ್ಟಿಹಾಕಿದೆಯೆಂಬುದನ್ನು ನೆನೆದರೆ ನನಗೆ ದುಃಖವೂ ಕೋಪವೂ ಒಟ್ಟಿಗೆ ಬರುತ್ತವೆ. ಬಿಗಿದ ನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಎಂಬ ಔಷಧದ ಮಾತ್ರೆಯೊಂದರಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧ. ಇನ್‌ಹೇಲರಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ, ಅಂದರೆ ಆ ಸಣ್ಣ ಮಾತ್ರೆಯ ಇಪ್ಪತ್ತರಲ್ಲೊಂದು ಪಾಲು, ಅದೂ ಬೇಕಾದ ಸ್ಥಳಕ್ಕೇ ನೇರವಾಗಿ. ಮಾತ್ರೆಗೆ ಒಪ್ಪುವವರು ಇದಕ್ಕೆ ಅಂಜುವುದು ಯಾವ ನ್ಯಾಯ? ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್ ಇದೇ ಬಗೆಯ ಉಬ್ಬಸವನ್ನು ಹೊತ್ತುಕೊಂಡೇ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮಾಡಿದಳೆಂದು ನಿಮ್ಮತ್ತೆಯವರಿಗೆ ದಯವಿಟ್ಟು ಹೇಳಿ.

ಉಸಿರನ್ನು ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯನ್ನು ಮಾಡಿಸಿ. ವಿಶ್ರಾಂತಿಯಲ್ಲಿ ಊದಿದಾಗ ಫಲಿತಾಂಶ ಸರಿಯಾಗಿ ಬಂದಿತೆಂದು ಸಮಾಧಾನಪಟ್ಟುಕೊಳ್ಳದೆ, ಓಡಿಸಿದ ಮೇಲೂ ಊದಿಸಿ ನೋಡುವಂತೆ ಕೇಳಿಕೊಳ್ಳಿ. ಓಟಕ್ಕೆ ಕಾಲು ಗಂಟೆ ಮುಂಚೆ ವೈದ್ಯರು ಹೇಳಿದಷ್ಟು ಔಷಧ, ಹತ್ತು ಹದಿನೈದು ನಿಮಿಷ ಮೆಲ್ಲನೆ ಮೈ ಬಿಸಿ ಮಾಡಿಕೊಳ್ಳುವುದು, ಇವೆರಡರಿಂದ ಬಹಳ ಮಕ್ಕಳು ನಿರಾತಂಕವಾಗಿ ಓಡುತ್ತಾರೆ. ದಿನವೂ ಬೇಕಾಗುತ್ತಿದ್ದರೆ ಮಾತ್ರ ಚಿಕಿತ್ಸೆಯನ್ನೇ ಬದಲಿಸಬೇಕು. ಪ್ರಾಣಾಯಾಮವನ್ನು ಜೊತೆಗೆ ಅಗತ್ಯವಾಗಿ ಮಾಡಲಿ. ಔಷಧದ ಬದಲಿಗೆ ಬೇಡ.

ಪ್ರಶ್ನೆ: ನಾನು 29 ವರ್ಷದ ಶಿಕ್ಷಕಿ, ಎರಡು ಮಕ್ಕಳ ತಾಯಿ. ಗೆಳತಿಯರೊಡನೆ ಓಡಲು ಹೊರಟೆ. ಅವರು ಆರಾಮವಾಗಿದ್ದಾರೆ, ನನಗೆ ಮಹಡಿ ಹತ್ತಿದರೂ ಏದುಸಿರು. ಮುಟ್ಟಿನ ಸ್ರಾವ ಹೆಚ್ಚು. ಉಸಿರಾಟದ ಸರಿಯಾದ ಕ್ರಮ ತಿಳಿಸಿ. (ಹಾಸನ)

ಉತ್ತರ: ನಿಮಗೆ ಈಗ ಉಸಿರಾಟದ ಕ್ರಮವನ್ನು ಹೇಳುವುದಿಲ್ಲ. ಬಹಳ ವರ್ಷಗಳ ಹಿಂದೆ ನಿಮ್ಮಂತೆಯೇ ಬಂದ ಹೆಣ್ಣುಮಗಳಿಗೆ ಹೊಟ್ಟೆಯಿಂದ ಉಸಿರೆಳೆಯುವ ವಿಧಾನವನ್ನು ಶ್ರದ್ಧೆಯಿಂದ ಕಲಿಸಿ ಕಳುಹಿಸಿದೆ. ತಿಂಗಳ ಮೇಲೆ ಅವಳು ಮತ್ತೆ ಬಂದಾಗ ರಕ್ತ ಪರೀಕ್ಷಿಸಿದರೆ ಹಿಮೋಗ್ಲೋಬಿನ್ 7. ಆ ತಿಂಗಳನ್ನು ನಾನು ಮರೆತಿಲ್ಲ. ಗಾಳಿ ಎಷ್ಟು ಒಳಹೊಕ್ಕರೇನು, ಹೊತ್ತೊಯ್ಯುವ ಕೆಂಪುಕಣಗಳೇ ಬಡವಾಗಿದ್ದರೆ? ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿರುವಾಗ, ಹೆಂಗಸರ ಸುಸ್ತನ್ನು ಮನೆಗೆಲಸದ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸಲ್ಲದು. ಹಿಮೋಗ್ಲೋಬಿನ್, ದೇಹದ ಕಬ್ಬಿಣದ ಸಂಗ್ರಹವನ್ನು ತೋರುವ ಫೆರಿಟಿನ್, ಥೈರಾಯ್ಡ್, ಈ ಮೂರು ರಕ್ತಪರೀಕ್ಷೆಗಳನ್ನೂ ಈ ವಾರವೇ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಸ್ತ್ರೀರೋಗ ತಜ್ಞರಿಗೆ ಸ್ರಾವದ ವಿಚಾರವನ್ನು ಸಂಕೋಚವಿಲ್ಲದೆ ತಿಳಿಸಿ. ಊಟದ ಬೆನ್ನಿಗೇ ಚಹಾ ಕುಡಿಯುವುದನ್ನು ಇಂದೇ ಬಿಡಿ, ಅದು ಕಬ್ಬಿಣಾಂಶವನ್ನು ಹೀರಗೊಡದು.

ಪ್ರಶ್ನೆ: 54 ವರ್ಷ. ಓಡಲು ತೊಡಗಿದೊಡನೆ ಎದೆ ಹಿಡಿದಂತಾಗುತ್ತದೆ, ನಿಂತರೆ ಸಡಿಲವಾಗುತ್ತದೆ. ಇ.ಸಿ.ಜಿ. ಸರಿಯಿದೆ. ಉಸಿರಿನ ಹತೋಟಿ ತಪ್ಪಿದ್ದೋ, ಗ್ಯಾಸೋ? (ವ್ಯಾಪಾರಿ, ದಾವಣಗೆರೆ)

ಉತ್ತರ: ಓಟವನ್ನು ಇಂದೇ ನಿಲ್ಲಿಸಿ. ಶ್ರಮದಲ್ಲಿ ಬಂದು ವಿಶ್ರಾಂತಿಯಲ್ಲಿ ಹೋಗುವ ಎದೆಬಿಗಿತವನ್ನು ಹೃದಯದ್ದಲ್ಲವೆಂದು ಸಿದ್ಧವಾಗುವ ತನಕ ಹೃದಯದ್ದೆಂದೇ ತಿಳಿಯತಕ್ಕದ್ದು. ಮಲಗಿ ತೆಗೆಸಿದ ಇ.ಸಿ.ಜಿ. ಸರಿಯಿದ್ದ ಮಾತ್ರಕ್ಕೆ ಆ ಸಂದೇಹ ನೀಗುವುದಿಲ್ಲ. ನಾಳೆಯೇ ಹೃದ್ರೋಗ ತಜ್ಞರನ್ನು ಕಾಣಿ. ಎಕೋ, ಟ್ರೆಡ್‌ಮಿಲ್ ಪರೀಕ್ಷೆಗಳಲ್ಲಿ ಯಾವುದು ಬೇಕೆಂಬುದನ್ನು ಅವರು ನಿರ್ಧರಿಸಲಿ. ಕುಳಿತಲ್ಲೇ ಬಿಗಿತ ಬಂದರೆ, ಬೆವರು ಬಿಟ್ಟರೆ, ನೋವು ತೋಳಿಗೋ ದವಡೆಗೋ ಹರಿದರೆ ಸೋಡಾ ಕುಡಿದು ಕಾಯದೆ 108ಕ್ಕೆ ಕರೆಮಾಡಿ. ವರದಿಗಳನ್ನು ನನಗೆ ಕಳುಹಿಸಿಕೊಡಿ. ಉಸಿರಾಟದ ವಿಷಯವನ್ನು ಅವನ್ನು ನೋಡಿದ ಮೇಲೆ ಬರೆಯುತ್ತೇನೆ.